ಬಂಡೆಯಿಂದ ಹಿಪ್ಪೆ ಮರದ ತನಕ

ಹೋದ ತಿಂಗಳು ದಿಂಡಿಗಲ್ಲಿನ ನಮ್ಮ ಮನೆಯ ಕಿಟಕಿ ಸರಳುಗಳಿಗೆ ಬಣ್ಣ ಬಳಿಯಲು ಬಂದವನು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದ. ನಾನು ಅಡುಗೆಮನೆಯಲ್ಲಿ ಬೇಳೆ ಆರಿಸುತ್ತ ಕೂತಿದ್ದೆ. ವಾಸನೆ ಮೂಗಿಗೆ ತಾಕಿದ್ದೇ ತಡ, ಯಾರೋ ಕರೆದ ಹಾಗೆ ಮೊರ ಹಿಡಿದುಕೊಂಡೇ ಎದ್ದು ಬಾಗಿಲಿಗೆ ಬಂದೆ. ಅವನು ಗಾಬರಿಯಾಗಿ, ವಾಸನೆ ಆಗದಿದ್ದರೆ ಮುಚ್ಚಿಬಿಡುತ್ತೇನೆ ಅಮ್ಮ ಎಂದ. ಬೇಡ, ತೆರೆದೇ ಇರಲಿ ಎಂದೆ. ಆ ವಾಸನೆಗೆ ಒಂದಿಷ್ಟು ಅಗಸೆ ಎಣ್ಣೆ, ಒಂದಿಷ್ಟು ಒಣಹುಲ್ಲು, ಬಿಸಿಲಿಗೆ ಕಾದ ಕರಿ ಕೊಡೆಯ ಬಟ್ಟೆ ಸೇರಿಸಿದರೆ ಅದೇ ನನ್ನ ರಂಗತ್ತೆ. ತೀರಿಕೊಂಡು ಎಷ್ಟೋ ವರ್ಷವಾದರೂ ಅವಳು ನನ್ನ ಬಳಿ ಬರುವುದು ಈ ದಾರಿಯಲ್ಲೇ. ಬಂದಾಗ ಮೊದಲು ಸಂತೋಷವಾಗುತ್ತದೆ, ಆಮೇಲೆ ಹೆದರಿಕೆ. ತುಂಬ ಪ್ರೀತಿಸಿದವರನ್ನು ನೆನೆಯಲು ಹೆದರಿಕೆಯಾಗುವುದು ನನಗೊಬ್ಬಳಿಗೇ ಇರಲಾರದು. ನಿಮ್ಮ ಮನೆಯಲ್ಲೂ ಅಂಥ ಒಂದು ಹೆಸರು ಇದ್ದೀತು.

ನಮ್ಮದು ಕಂಬಂ ಕಣಿವೆ. ಯಾವ ಕಾಲದಲ್ಲೋ ದನ ಹೊಡೆದುಕೊಂಡು ಬಂದು ಇಲ್ಲಿ ಬೇರುಬಿಟ್ಟ ಕನ್ನಡದವರು ನಾವು. ಸಂತೆಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ಆ ಕನ್ನಡಕ್ಕೆ ಅಕ್ಷರವೂ ಉಂಟು ಎಂದು ನನಗೆ ತಿಳಿದದ್ದೇ ಮದುವೆಯಾಗಿ ಹತ್ತು ವರ್ಷ ಮೈಸೂರಿನಲ್ಲಿ ಇದ್ದಾಗ. ನಮ್ಮ ಮನೆ ಉದ್ದಕ್ಕೆ ಇತ್ತು. ಮುಂದೆ ತಿಣ್ಣೆ ಎನ್ನುವ ಜಗಲಿ, ಹಿಂದೆ ದನದ ಹಟ್ಟಿ, ನಡುವೆ ಬೆಳಕೇ ಬೀಳದ ಧಾನ್ಯದ ಕೋಣೆ. ಆ ಕೋಣೆಯಲ್ಲಿ ರಾಗಿ ಮೂಟೆಗಳ ಹಿಂದೆ ಅತ್ತೆಯ ಚಿತ್ರಗಳು ಗೋಡೆಗೆ ಮುಖ ಮಾಡಿ, ಮುನಿಸಿಕೊಂಡ ಮಕ್ಕಳ ಹಾಗೆ ಸಾಲಾಗಿ ನಿಂತಿರುತ್ತಿದ್ದವು. ಇಲಿಗಳು ಕೂಡ ಅವನ್ನು ಮುಟ್ಟುತ್ತಿರಲಿಲ್ಲ. ಎಣ್ಣೆ ಬಣ್ಣ ಇಲಿಗೆ ಆಗುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದಳು. ಇಲಿಗಾದರೂ ಅಭಿರುಚಿ ಇದೆ ಎಂದು ಅಪ್ಪ ನಗುತ್ತಿದ್ದರು. ಆ ಮನೆ ಈಗ ಇಲ್ಲ. ಅಲ್ಲಿ ಬಾಳೆಗೊನೆಯ ಲಾರಿಗಳು ನಿಲ್ಲುತ್ತವೆ.

ರಂಗತ್ತೆ ಅಪ್ಪನ ತಂಗಿ. ಹುಡುಗಿಯಾಗಿದ್ದಾಗ ದಿಂಡಿಗಲ್ಲಿನ ಒಂದು ಕಾನ್ವೆಂಟ್ ಹಾಸ್ಟೆಲಿನಲ್ಲಿ ಓದುತ್ತಿದ್ದವಳಿಗೆ ಡ್ರಾಯಿಂಗ್ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರು ಎಣ್ಣೆ ಬಣ್ಣದ ರುಚಿ ಹತ್ತಿಸಿದ್ದರು. ಮದುವೆಯಾಗಿ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು, ಒಂದು ಟ್ರಂಕು ಹಿಡಿದುಕೊಂಡು. ಎಲ್ಲರ ಮಗಳೂ ಬರುವಾಗ ಪಾತ್ರೆ ಪಗಡ ತಂದರೆ ಇವಳು ಹಿಂಡಿದರೆ ಬರುವ ಬಣ್ಣ ತಂದಳು ಎಂದು ಊರು ಆಡಿಕೊಂಡಿತು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ದ್ರಾಕ್ಷಿ ಬಳ್ಳಿ ಹಬ್ಬಿಸುವ ಪಂದಲಿನ ಕಂಬದಲ್ಲಿ ಬಡಗಿಯ ಕೈಯಿಂದ ಮೂರು ಕಾಲಿನ ನಿಲುವು ಮಾಡಿಸಿಕೊಂಡಳು. ಅಪ್ಪನ ಹಳೆಯ ಪಂಚೆಗೆ ಅಂಟು ಬಳಿದು, ಬಿಳಿ ಹಚ್ಚಿ, ಚೌಕಟ್ಟಿಗೆ ಬಿಗಿದು ಮೊಳೆ ಹೊಡೆದಳು. ಹಲಸಿನ ಹಲಗೆಯ ಮೇಲೆ ಬಣ್ಣ ಹಿಂಡಿಕೊಂಡು, ಬಿಸಿಲೇರುವ ಮುಂಚೆ ಊರಾಚೆಯ ಇಳಿಜಾರಿಗೆ ಹೊರಟರೆ ಹಿಂದೆ ಕೊಡೆ ಹಿಡಿದು ನಾನು. ನನಗೆ ಆಗ ಹನ್ನೊಂದು. ನನ್ನ ಹೆಸರು ಸೆಲ್ವಿ, ಆದರೆ ತಮಿಳರು ಮಕ್ಕಳನ್ನು ಮುದ್ದಿಗೆ ಕರೆಯುವ ಹಾಗೆ ಅವಳ ಬಾಯಲ್ಲಿ ನಾನು ಯಾವಾಗಲೂ ಕಣ್ಣು.

ಅವಳು ಬರೆಯುವುದಕ್ಕಿಂತ ನೋಡುವುದೇ ಹೆಚ್ಚು. ಹುಲ್ಲಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಬಿಸಿಲಿನಲ್ಲಿ ಬೆಕ್ಕು ಕೂತ ಹಾಗೆ ಕಣ್ಣು ಅರ್ಧ ಮುಚ್ಚಿಕೊಂಡು ಮಲೆಯನ್ನೇ ನೋಡುವಳು. ನನಗೂ ಹಾಗೇ ಕೂರಬೇಕಿತ್ತು. ಪೂರ್ತಿ ತೆರೆದರೆ ಎಲೆ ಕಾಣುತ್ತದೆ, ಅರ್ಧ ಮುಚ್ಚಿದರೆ ಮರ ಕಾಣುತ್ತದೆ ಎನ್ನುವುದು ಅವಳ ಮೊದಲ ಪಾಠ. ಎರಡನೆಯದು ದೂರದ್ದು. ನಾನು ಒಂದು ತುಂಡು ಬಟ್ಟೆಯ ಮೇಲೆ ಮಲೆ ಬರೆದು ಗಿಣಿ ಹಸುರು ತುಂಬಿದ್ದೆ. ಅವಳು ನಕ್ಕುಬಿಟ್ಟಳು. "ನೋಡು ಕಣ್ಣು, ದೂರದ ಮಲೆ ಅಸುರಾಗಿ ಇರಾದಿಲ್ಲ. ನಮ್ಗೂ ಅದುಕ್ಕೂ ನಡುವಾಗೆ ಗಾಳಿ ಐತೆ. ಗಾಳಿನೂ ಬರೀಬೇಕು" ಎಂದು, ನನ್ನ ಹಸುರಿಗೆ ಚೂರು ನೀಲಿ, ಚೂರು ಬಿಳಿ, ಒಂದು ಸಾಸಿವೆಯಷ್ಟು ಕೆಂಪು ಬೆರೆಸಿದಳು. ಮಲೆ ಕಣ್ಣೆದುರೇ ಎರಡು ಹರದಾರಿ ಹಿಂದಕ್ಕೆ ಹೋಯಿತು. ಅಷ್ಟು ದೊಡ್ಡ ಮೋಡಿಯನ್ನು ನಾನು ಆಮೇಲೆ ಯಾರ ಕೈಯಲ್ಲೂ ಕಂಡಿಲ್ಲ.

ಮಳೆಯ ದಿನಗಳಲ್ಲಿ ಮನೆಯೊಳಗೇ ಹಣ್ಣು ಹೂಜಿಗಳನ್ನು ಜೋಡಿಸಿಕೊಂಡು ಬರೆಯುವಳು. ಆಗ ಮಕ್ಕಳಿಗೆಲ್ಲ ಶಿಕ್ಷೆ. ಪೆರಿಯಕುಳದಿಂದ ಮಾವಿನ ಬುಟ್ಟಿ ಬಂದರೆ ಅದರಲ್ಲಿ ಅತಿ ಚೆಂದದ ಐದು ಹಣ್ಣು ಅತ್ತೆಗೆ ಮೀಸಲು, ಚಿತ್ರ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ. ಮುಗಿಯುವ ಹೊತ್ತಿಗೆ ಹಣ್ಣು ಕೊಳೆತಿರುತ್ತಿತ್ತು. ಅವಳು ಕೊಳೆತದ್ದನ್ನೂ ಬರೆಯುವಳು. ಮೊನ್ನೆ ಹಳದಿ ಇದ್ದಲ್ಲಿ ಇವತ್ತು ಕಪ್ಪು ಚುಕ್ಕೆ ಕಂಡರೆ ಚುಕ್ಕೆ ಇಡುವಳು. ಚೆಂದ ಮಾಡಬಾರದಾ ಅತ್ತೆ ಎಂದರೆ, ಕಂಡದ್ದನ್ನು ಬಿಟ್ಟು ಬರೆದರೆ ಅದು ನಾಟಕದ ಪರದೆ, ಚಿತ್ರವಲ್ಲ ಎನ್ನುವಳು. ನಿಲಕ್ಕೋಟ್ಟೈ ಮಲ್ಲಿಗೆಯನ್ನು ಮಾತ್ರ ಒಮ್ಮೆಯೂ ಬರೆಯಲಿಲ್ಲ. ಅದಕ್ಕೆ ಕಾಯುವ ಗುಣವಿಲ್ಲವಂತೆ. ಕಂಡದ್ದನ್ನೇ ಬರೆಯುವವಳು ಎನ್ನುವುದು ಊರಿಗೆಲ್ಲ ಗೊತ್ತಿತ್ತು, ಅದನ್ನು ಹೇಳಿ ನಗುವವರೂ ಅದನ್ನು ನಂಬುತ್ತಿದ್ದರು. ಆ ನಂಬಿಕೆಯೇ ಅವಳಿಗೆ ಮುಳುವಾಯಿತು.

ನಾವು ಕೂರುತ್ತಿದ್ದ ಇಳಿಜಾರು ಅವಳದೇ ನೆಲ. ತವರಿಗೆ ಮರಳಿದ ಮಗಳಿಗೆ ಅರಿಶಿನ ಕುಂಕುಮದ ಪಾಲು ಎಂದು ತಾತ ಸಾಯುವ ಮುಂಚೆ ಕೊಟ್ಟದ್ದು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಹಾಗೆ ಕೊಡುವುದಕ್ಕೆ ಕಾಗದ ಪತ್ರ ಇಲ್ಲ, ನಾಲ್ಕು ಜನರ ಮುಂದೆ ಬಾಯಿಮಾತು. ತಾತ ತಿಣ್ಣೆಯ ಮೇಲೆ ಕೂತು "ಬಂಡೆಯಿಂದ ಇಪ್ಪೆ ಮರದ ತಂಕ ನಿನ್ದು" ಎಂದರಂತೆ. ಅತ್ತೆ ಆ ನೆಲದಲ್ಲಿ ಹೆಚ್ಚೇನೂ ಬೆಳೆಯಲಿಲ್ಲ. ಒಂದಿಷ್ಟು ಅವರೆ, ಉಳಿದದ್ದು ಹುಲ್ಲು. ಕಣಿವೆ ಪೂರ್ತಿ ಕಾಣುವ ಜಾಗ ಊರಿಗೆಲ್ಲ ಅದೊಂದೇ, ನನಗೆ ಅಷ್ಟು ಸಾಕು ಎನ್ನುತ್ತಿದ್ದಳು. ಆದರೆ ಅಲ್ಲಿ ಹಿಪ್ಪೆ ಮರ ಎರಡಿದ್ದವು. ಒಂದು ಬಂಡೆಯ ಮಗ್ಗುಲಿಗೇ, ಇನ್ನೊಂದು ಆಚೆ ಬಾವಿಯ ದಂಡೆಯ ಮೇಲೆ. ತಾತ ಹೇಳಿದ್ದು ಬಾವಿಯ ಮರ ಎನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ, ಮರಗಳು ನಿಂತಿದ್ದಷ್ಟು ಕಾಲ.

ದೀಪಾವಳಿ ಬರುವ ಐಪಸಿ ತಿಂಗಳಲ್ಲಿ ಒಮ್ಮೆ ಬಿರುಗಾಳಿಗೆ ಎರಡು ಮರವೂ ಬುಡಮೇಲಾದವು. ಬಿದ್ದದ್ದನ್ನೆಲ್ಲ ಕಡಿಸಿ, ಬೇರು ಕೀಳಿಸಿ, ಅಪ್ಪ ನೆಲ ಉಳುಮೆ ಮಾಡಿಸಿದರು. ಅವರಿಗೆ ಅಲ್ಲಿ ಬಾವಿಯ ನೀರಿಗೆ ದ್ರಾಕ್ಷಿ ಪಂದಲು ಹಾಕುವ ಆಸೆ ಹತ್ತಿತ್ತು. ಅಪ್ಪ ಕೆಟ್ಟವರಲ್ಲ, ಇದನ್ನು ನಾನು ಹೇಳಲೇಬೇಕು. ಹಬ್ಬಕ್ಕೆ ತಂಗಿಗೆ ಸೀರೆ ತಂದ ಮೇಲೆಯೇ ಅಮ್ಮನಿಗೆ ತರುತ್ತಿದ್ದವರು. ಆದರೆ ನೆಲ ಕಂಡರೆ ಅವರ ಮುಖ ಬೇರೆಯೇ ಆಗುತ್ತಿತ್ತು. ಬಾವಿಯ ದಂಡೆಯ ಮೇಲೆ ಮರವೇ ಇರಲಿಲ್ಲ, ತಾತ ಹೇಳಿದ್ದು ಬಂಡೆ ಪಕ್ಕದ ಮರ ಎಂದು ಅವರು ಒಂದು ದಿನ ಊಟ ಮಾಡುತ್ತ ಹೇಳಿದರು. ಹಾಗಾದರೆ ಅತ್ತೆಗೆ ಉಳಿಯುವುದು ಎಮ್ಮೆ ಮಲಗಲೂ ಸಾಲದಷ್ಟು ಕಲ್ಲು ನೆಲ. ಅತ್ತೆ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ಅಣ್ಣ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಮೊದಲು ನಕ್ಕಳು ಕೂಡ. ಮಾತು ಊರ ದೊಡ್ಡ ಗೌಡರ ತನಕ ಹೋಯಿತು. ಮರ ಇತ್ತು ಎಂದವರು ಇಬ್ಬರು, ಇರಲಿಲ್ಲ ಎಂದವರು ಇಬ್ಬರು, ಉಳಿದವರು ಅಪ್ಪನ ಮುಖ ನೋಡಿದರು. ಆಗ ಅತ್ತೆ, ನನ್ನ ಹತ್ತಿರ ಚಿತ್ರ ಇದೆ, ಎರಡು ಮರವೂ ಅದರಲ್ಲಿವೆ ಎಂದಳು. ದೊಡ್ಡ ಗೌಡರು ಒಪ್ಪಿದರು. ಶಿವರಾತ್ರಿ ಬರುವ ಮಾಸಿ ತಿಂಗಳ ಮೊದಲ ಶುಕ್ರವಾರ ದೇವರ ಹಸುಗಳ ಮುಂದೆ ಚಿತ್ರ ತೆರೆಯುವುದು ಎಂದಾಯಿತು.

ನಮ್ಮ ಕುಲಕ್ಕೆ ದೇವರ ಹಸುಗಳ ಒಂದು ಹಿಂಡು ಉಂಟು. ಅವನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ, ಹಿಂಡಿಗೆ ಪಟ್ಟ ಕಟ್ಟಿದ ಒಂದು ಗೂಳಿ ಇರುತ್ತದೆ. ಎಲ್ಲೂ ಬಗೆಹರಿಯದ ಮಾತು ಆ ಗೂಳಿಯ ಹಗ್ಗ ಹಿಡಿದು ಆಣೆ ಇಡುವುದರಲ್ಲಿ ಮುಗಿಯುತ್ತಿತ್ತು. ನಮ್ಮ ಆಣೆಗೆ ಎರಡು ಅರ್ಧ. ಇದ್ದದ್ದು ಏನೆಂದು ಹೇಳಿದರೆ ಸಾಲದು, ಇಲ್ಲದ್ದು ಏನೆಂದೂ ಹೇಳಬೇಕು. ಸಾಕ್ಷಿಗೆ ತಂದ ವಸ್ತುವನ್ನು ಬಟ್ಟೆಯಲ್ಲಿ ಸುತ್ತಿಯೇ ತರಬೇಕು, ಆಣೆ ಮುಗಿದ ಮೇಲೇ ಬಿಚ್ಚಬೇಕು. ಮೊದಲೇ ನೋಡಿಕೊಂಡು ಆಣೆ ಇಡುವುದು ಕುಯುಕ್ತಿ ಎಂದು ಹಿರಿಯರ ಲೆಕ್ಕ.

ಅದಕ್ಕೆ ಮುಂಚೆ ಮುರುಗನ ಹಬ್ಬ ತೈಪೂಸಕ್ಕೆ ಅತ್ತೆ ಪಳನಿಗೆ ನಡೆದು ಹೋದಳು. ಪ್ರತಿ ವರ್ಷ ಹೋಗುತ್ತಿದ್ದಳು, ಆ ವರ್ಷವೂ ಹೋದಳು. ಮನೆಯಲ್ಲಿ ಇದ್ದುದು ಅಣ್ಣನೇ ತಾನೆ, ಚಿತ್ರಕ್ಕೆ ಬೀಗ ಯಾಕೆ ಹಾಕಬೇಕು? ಅವಳು ಹೊರಟ ಮೂರನೆಯ ದಿನ ಮಧ್ಯಾಹ್ನ ಅಪ್ಪ ಆ ಚಿತ್ರವನ್ನು ಹಿತ್ತಿಲಿನ ನೆರಳಿಗೆ ತಂದು, ಆಣೆಗೆಂದು ಅತ್ತೆ ಸುತ್ತಿಟ್ಟಿದ್ದ ಪಂಚೆ ಬಿಚ್ಚಿ ಗೋಡೆಗೆ ಒರಗಿಸಿದರು. ನನ್ನನ್ನು ಪಕ್ಕ ಕೂರಿಸಿಕೊಂಡರು. ಅಪ್ಪ ನನ್ನನ್ನು ಹಾಗೆ ಪಕ್ಕ ಕೂರಿಸಿಕೊಂಡದ್ದೇ ಅಪರೂಪ. "ನಿಮ್ಮತ್ತೆ ಕೈಗಿಂತ ನಿನ್ ಕೈ ನೇರ. ನೀನೇ ದಾ ನಿಜವಾದ ಚಿತ್ರಗಾತಿ" ಎಂದರು. ಆಮೇಲೆ ಬಾವಿಯ ಮರದ ಮೇಲೆ ಬೆರಳಿಟ್ಟರು. "ಇದು ಇಲ್ಲಿ ಚೆಂದಾಗಿಲ್ಲ. ತೆಗ್ದುಬುಡು ಸೆಲ್ವಿ. ಮಲೆ ಪೂರಾ ಕಾಣ್ಲಿ."

ಯಾಕೆಂದು ನನಗೆ ಗೊತ್ತಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅರ್ಧ ಗೊತ್ತಿತ್ತು. ಆದರೆ ನನ್ನನ್ನು ಚಿತ್ರಗಾತಿ ಎಂದು ಅದುವರೆಗೆ ಯಾರೂ ಅಂದಿರಲಿಲ್ಲ, ಅತ್ತೆ ಕೂಡ. ಅವಳು ತಿದ್ದುತ್ತಿದ್ದಳು, ಹೊಗಳುತ್ತಿರಲಿಲ್ಲ. ಹನ್ನೊಂದು ವರ್ಷದ ಹುಡುಗಿಗೆ ಆ ಒಂದು ಮಾತು ಬೆಲ್ಲದ ಅಚ್ಚಿನಷ್ಟು ದೊಡ್ಡದು. ಹಲಸಿನ ಹಲಗೆ ತಂದೆ, ಗಿಣಿ ಹಸುರು ಹಿಂಡಿದೆ, ಬೇಗ ಒಣಗಲಿ ಎಂದು ಟರ್ಪೆಂಟೈನ್ ಬೆರೆಸಿ ತೆಳುಮಾಡಿದೆ. ಅತ್ತೆಯ ಅಗಲ ಕುಂಚದಲ್ಲಿ ಮೇಲಿನಿಂದ ಕೆಳಕ್ಕೆ ಎಳೆದೆ. ಮೊದಲು ತಲೆ ಹೋಯಿತು, ಆಮೇಲೆ ಕೊಂಬೆ, ಕೊನೆಗೆ ಕಾಂಡ. ಮರ ಇದ್ದ ಕಡೆ ಮಲೆ ಬಂತು. ಅಪ್ಪ ನನ್ನ ನೆತ್ತಿಯ ಮೇಲೆ ಕೈ ಇಟ್ಟು ಶಭಾಷ್ ಎಂದರು. ನಾನು ಎಷ್ಟು ಹಿಗ್ಗಿದೆ ಎಂದರೆ, ಅತ್ತೆ ಬಂದ ಕೂಡಲೇ ತೋರಿಸಬೇಕು ಎಂದು ಒಂದು ಕ್ಷಣ ಅನ್ನಿಸಿತು. ಆ ಕ್ಷಣದ ಹಿಂದೆಯೇ ಹೆದರಿಕೆ ಬಂತು. ಬಣ್ಣ ಒಣಗಿದ ಮೇಲೆ ಅಪ್ಪ ಅದನ್ನು ಅದೇ ಪಂಚೆಯಲ್ಲಿ ಸುತ್ತಿ ಮೊದಲಿದ್ದಲ್ಲೇ ಇಟ್ಟರು.

ಶುಕ್ರವಾರ ಬೆಳಿಗ್ಗೆ ಹಸುಗಳ ಹಟ್ಟಿಯ ಮುಂದೆ ಜನ ಸೇರಿದರು. ಅತ್ತೆ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು ಬಿಟ್ಟುಕೊಂಡು ಬಂದಿದ್ದಳು. ಎಡಗೈಯಲ್ಲಿ ಪಂಚೆ ಸುತ್ತಿದ ಚಿತ್ರ, ಬಲಗೈಯಲ್ಲಿ ಗೂಳಿಯ ಹಗ್ಗ. ಪಳನಿಯ ದಾರಿಯ ಬೊಕ್ಕೆ ಅವಳ ಕಾಲಲ್ಲಿ ಇನ್ನೂ ಮಾಗಿರಲಿಲ್ಲ. ದೊಡ್ಡ ಗೌಡರು ಹೇಳು ತಾಯಿ ಎಂದರು. ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. "ಈ ಬಟ್ಟೆ ಒಳ್ಗೆ ಏನೈತೋ ಅದೇ ನೆಲದಾಗೆ ಇತ್ತು. ಇದ್ರಾಗೆ ಇಲ್ದೇ ಇರಾದು ನೆಲದಾಗೂ ಇರ್ಲಿಲ್ಲ." ಎರಡನೆಯ ಅರ್ಧ ಹೇಳುವಾಗ ಅವಳು ಅಪ್ಪನ ಕಡೆ ನೋಡಿ ಸಣ್ಣಗೆ ನಕ್ಕಳು, ಗೆದ್ದವರು ನಗುವ ಹಾಗೆ. ಅಪ್ಪ ತಲೆ ತಗ್ಗಿಸಿದರು. ಆಗಲಾದರೂ ನಾನು ಕೂಗಬಹುದಿತ್ತು. ಅಮ್ಮನ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆ.

ಪಂಚೆ ಬಿಚ್ಚಿದರು. ಬಂಡೆ ಇತ್ತು, ಬಂಡೆಯ ಪಕ್ಕದ ಮರ ಇತ್ತು, ಬಾವಿ ಇತ್ತು. ಬಾವಿಯ ದಂಡೆ ಬೋಳಾಗಿತ್ತು. ಜನರಲ್ಲಿ ಗುಜುಗುಜು ಎದ್ದಿತು. ಅತ್ತೆ ಚಿತ್ರದ ಹತ್ತಿರ ಬಗ್ಗಿದಳು, ಹೆಬ್ಬೆರಳಿನಿಂದ ಮಲೆಯ ಮೇಲೆ ಒಂದು ಕಡೆ ಸವರಿದಳು, ಬೆರಳನ್ನು ಮೂಗಿಗೆ ಹಿಡಿದಳು. ಆಮೇಲೆ ತಲೆ ಎತ್ತಿ ಗಂಡಸರ ಕಡೆ ನೋಡಲೇ ಇಲ್ಲ. ನೇರವಾಗಿ ಹೆಂಗಸರ ಗುಂಪಿನಲ್ಲಿ ನನ್ನನ್ನು ಹುಡುಕಿದಳು. ನಾನು ಗೂಳಿಯ ಹಿಣಿಲನ್ನು ನೋಡುತ್ತ ನಿಂತೆ. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಗ್ಗ ನನ್ನ ಕೈಗೆ ಬರುತ್ತಿತ್ತು, ಅಪ್ಪನ ವಿರುದ್ಧ ನಾನೋ, ನನ್ನ ವಿರುದ್ಧ ಅಪ್ಪನೋ ಆಣೆ ಇಡಬೇಕಾಗುತ್ತಿತ್ತು. ದೊಡ್ಡ ಗೌಡರು ಏನಮ್ಮ ಇದು ಎಂದು ಕೇಳಿದರು. ಅತ್ತೆ ಹಗ್ಗ ಬಿಟ್ಟಳು. "ಆಣೆ ಇಕ್ಕಿ ಆಯ್ತು. ಚಿತ್ರ ಏಳಿದ್ದೇ ಸರಿ" ಎಂದಳು.

ವಾಪಸು ಬರುವಾಗ ಯಾರೂ ಅವಳ ಜೊತೆ ನಡೆಯಲಿಲ್ಲ. ಚಿತ್ರವನ್ನು ಕಂಕುಳಲ್ಲಿ ಇರಿಸಿಕೊಂಡು ಮುಂದೆ ಅವಳು, ಹಿಂದೆ ಎಂದಿನ ಹಾಗೆ ನಾನು, ಕೊಡೆ ಮಾತ್ರ ಇಲ್ಲ. ಕಾಲುವೆಯ ಮೋರಿ ದಾಟಿದ ಮೇಲೆ ಅವಳು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದರೆ ಸಾಕು ಎಂದೂ ಅಂದುಕೊಂಡೆ. ತಿರುಗದೆಯೇ ಹೇಳಿದಳು: "ನಡುವಾಗೆ ಗಾಳಿ ಇಕ್ಕಾದು ನೀ ಮರ್ತ್ಬುಟ್ಟೆ, ಕಣ್ಣು."

ಅದೇ ಅವಳ ಕೊನೆಯ ಪಾಠ. ಕಣ್ಣು ಎಂದು ಅವಳು ನನ್ನನ್ನು ಕರೆದದ್ದೂ ಅದೇ ಕೊನೆ. ಮಾರನೆಯ ದಿನದಿಂದ ನಾನು ಸೆಲ್ವಿಯಾದೆ. ಸೆಲ್ವಿ, ಊಟಕ್ಕೆ ಬಾ. ಸೆಲ್ವಿ, ಜಡೆ ಹಾಕ್ತೀನಿ ಬಾ. ದನಿಯಲ್ಲಿ ಸಿಟ್ಟಿಲ್ಲ, ಹಂಗಿಲ್ಲ, ಏನೂ ಇಲ್ಲ. ಬೈದು ರಂಪ ಮಾಡಿದ್ದರೆ ನಾನು ಅತ್ತು ಕಾಲು ಹಿಡಿಯುತ್ತಿದ್ದೆ, ಅದಕ್ಕೆ ಅವಳು ದಾರಿಯನ್ನೇ ಕೊಡಲಿಲ್ಲ. ಮೂರು ಕಾಲಿನ ನಿಲುವು ಕೋಳಿಗಳು ಏರಿ ಕೂರುವ ಅಟ್ಟವಾಯಿತು. ಎರಡು ವರ್ಷಕ್ಕೆ ಇಳಿಜಾರಿನ ತುಂಬ ಪಂದಲು ಹಬ್ಬಿ, ಅತ್ತೆ ಕೂರುತ್ತಿದ್ದ ಕಡೆಯಿಂದ ನೋಡಿದರೆ ಕಣಿವೆಯೇ ಕಾಣದಂತಾಯಿತು. ಮೊದಲ ದ್ರಾಕ್ಷಿ ಬಂದಾಗ ಪೆಟ್ಟಿಗೆಗಳ ಮೇಲೆ ಹೆಸರು ಬರೆದುಕೊಡು ಎಂದು ಅಪ್ಪ ತಂಗಿಯನ್ನೇ ಕೇಳಿದರು. ನಾಚಿಕೆಯಾಗಲಿಲ್ಲವಾ ಎಂದು ಇವತ್ತಿಗೂ ಕೇಳಬೇಕು ಅನ್ನಿಸುತ್ತದೆ ನನಗೆ. ಅವಳು ಉಳಿದಿದ್ದ ಬಣ್ಣವನ್ನೆಲ್ಲ ಹಿಂಡಿ, ತಿಣ್ಣೆಯ ಮೇಲೆ ಕೂತು, ಒಂದೊಂದು ಪೆಟ್ಟಿಗೆಗೂ ಅಣ್ಣನ ಹೆಸರು ಬರೆದಳು. ಅಕ್ಷರ ಮುತ್ತಿನ ಹಾಗಿತ್ತು. ಆ ದ್ರಾಕ್ಷಿ ಹುಳಿಯಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು, ಆದರೆ ಅದು ಸಿಹಿಯಾಗಿಯೇ ಇತ್ತು. ನಾನೂ ತಿಂದೆ.

ಆಮೇಲೊಮ್ಮೆ ನಾನು ಅಪ್ಪನ ಹತ್ತಿರ ಹೋಗಿ ಮದುರೆಯಿಂದ ನನಗೊಂದು ಬಣ್ಣದ ಪೆಟ್ಟಿಗೆ ತಂದುಕೊಡಿ ಎಂದೆ. ಅವರಿಗೆ ಅರ್ಥವೇ ಆಗಲಿಲ್ಲ. ನಿನಗ್ಯಾಕೆ ಅದೆಲ್ಲ, ಓದಿನ ಕಡೆ ನೋಡು ಹೋಗು ಎಂದರು. ನಿಜವಾದ ಚಿತ್ರಗಾತಿ ಎಂದ ಬಾಯಿ ಅದೇ. ಆ ಮಾತು ಅವರಿಗೆ ನೆನಪೂ ಇರಲಿಲ್ಲ ಎಂದು ಅವತ್ತು ಗೊತ್ತಾಯಿತು. ಅತ್ತೆಗೆ ನಾನು ಮಾಡಿದ ದ್ರೋಹದ ಬೆಲೆ ಎಂದು ನನ್ನ ಕೈಗೆ ಬಂದಿದ್ದದ್ದು ಆ ಒಂದು ಮಾತು, ಅದೂ ಪೊಳ್ಳು. ಅಪ್ಪ ಸತ್ತಾಗ ನಾನು ಎಲ್ಲರಂತೆ ಕಣ್ಣೀರು ಹಾಕಿದೆ, ಆದರೆ ಒಳಗೆ ಒಂದು ಕಡೆ ಅಳು ಬರಲೇ ಇಲ್ಲ. ಅಲ್ಲಿ ಈಗಲೂ ಒಣಗಿದೆ.

ರಂಗತ್ತೆ ತೀರಿಕೊಂಡಾಗ ನಾನು ಮೈಸೂರಿನಿಂದ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಆ ಚಿತ್ರ, ಅದೇ ಪಂಚೆಯಲ್ಲಿ. ಸೆಲ್ವಿಗೆ ಎಂದು ಹೇಳಿದ್ದಳಂತೆ. ಅದನ್ನು ಕ್ಷಮೆ ಎಂದುಕೊಳ್ಳಲು ಎಷ್ಟೋ ಸಲ ಪ್ರಯತ್ನ ಮಾಡಿದ್ದೇನೆ. ಹೆಸರು ಹಿಡಿದು ಹೇಳಿದ್ದಾಳೆ, ಕಣ್ಣಿಗೆ ಎಂದು ಹೇಳಿಲ್ಲ. ದಿಂಡಿಗಲ್ಲಿಗೆ ಬಂದು ನೆಲೆಸಿದ ಮೇಲೆ ಅದನ್ನು ಊಟದ ಮನೆಯ ಗೋಡೆಗೆ ಹಾಕಿದೆ. ಎಣ್ಣೆ ಬಣ್ಣ ವಯಸ್ಸಾದಂತೆ ತಿಳಿಯಾಗಿ ಅಡಿಯದನ್ನು ತೋರಿಸುತ್ತದೆ, ತೆಳ್ಳಗೆ ಹಚ್ಚಿದ್ದು ಇನ್ನೂ ಬೇಗ. ಮೊದಮೊದಲು ಬಾವಿಯ ದಂಡೆಯ ಮೇಲೆ ಒಂದು ಕಲೆ ಎಂದುಕೊಂಡಿದ್ದೆ. ಆಮೇಲೆ ಅದಕ್ಕೆ ಕಾಂಡ ಬಂತು. ಈಗ ನನ್ನ ಗಿಣಿ ಹಸುರಿನ ಹಿಂದಿನಿಂದ, ಪರದೆಯ ಆಚೆ ಯಾರೋ ನಿಂತ ಹಾಗೆ, ಅತ್ತೆಯ ಹಿಪ್ಪೆ ಮರ ನಿಂತಿದೆ, ಕೊಂಬೆ ಸಮೇತ.

ಅವತ್ತು ಬಣ್ಣದವನು ಊಟಕ್ಕೆ ಹೋದಾಗ ನಾನು ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿಕೊಂಡು ಆ ಚಿತ್ರದ ಮುಂದೆ ನಿಂತೆ. ಹುಷಾರಾಗಿ ಒರೆಸಿದರೆ ಮೇಲಿನ ಹಸುರು ಬಂದುಬಿಡಬಹುದು, ಅತ್ತೆಯ ಆಣೆ ನಿಜವಾಗಬಹುದು. ಆದರೆ ಯಾರ ಮುಂದೆ? ದೊಡ್ಡ ಗೌಡರಿಲ್ಲ, ಅಪ್ಪ ಇಲ್ಲ, ಸುಳ್ಳಿ ಎಂದು ಅವಳ ಬೆನ್ನ ಹಿಂದೆ ಉಗುಳಿದವರಲ್ಲಿ ಒಬ್ಬರೂ ಇಲ್ಲ. ಇರುವವಳು ನಾನೊಬ್ಬಳು, ಮರ ಇತ್ತು ಎಂದು ಮೊದಲಿನಿಂದಲೂ ಗೊತ್ತಿದ್ದವಳು. ಮುಚ್ಚಿದವಳೇ ತೆರೆದು ಒಳ್ಳೆಯವಳು ಅನ್ನಿಸಿಕೊಳ್ಳುವುದು ಬೇಡ ಅನ್ನಿಸಿತು. ಬಟ್ಟೆಯನ್ನು ಹಿಂಡಿ ಡಬ್ಬಿಯ ಪಕ್ಕ ಇಟ್ಟೆ. ಮರ ತಾನಾಗಿ ಬರುತ್ತಿದೆ, ಬರಲಿ. ದಿನಾ ಬೆಳಿಗ್ಗೆ ಅದರ ಎದುರಿಗೆ ಕೂತು ಕಾಫಿ ಕುಡಿಯುತ್ತೇನೆ. ಅತ್ತೆ ಕಲಿಸಿದ ಹಾಗೆ ಕಣ್ಣು ಅರ್ಧ ಮುಚ್ಚಿಕೊಂಡು ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ.